ಯಂಗ್ನಾಮಕ್ಕನ ಎದೆಯೊಳಗಿನ ಹರುಕು

ತೊಂಗ್ಯಂಗ್ ಬಂದರಿನ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಯಂಗ್ನಾಮಕ್ಕನೂ ನಾನೂ ಅಕ್ಕಪಕ್ಕ ನಿಂತು ದುಡಿದವರು. ಅವಳಿಗಿನ್ನೂ ಐವತ್ತಾಗಿರಲಿಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, ಬೊಜ್ಜು ಯಾವುದೂ ಇಲ್ಲ. ಇದ್ದದ್ದು ಅತ್ತೆಯ ಕಾಟ.

ಒಂದು ಚಳಿಗಾಲ ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕಲು ಅವಳ ಮನೆಯಂಗಳಕ್ಕೆ ಹೋಗಿದ್ದೆ. ಉಪ್ಪುನೀರಲ್ಲಿ ನೆನೆದ ಕೋಸಿನ ಬುಟ್ಟಿ ಎತ್ತುತ್ತಿದ್ದವಳನ್ನು ಅತ್ತೆ ಎಲ್ಲರೆದುರು ಹಂಗಿಸಿದಳು:

"ಉಪ್ಪು ಹಾಕೋದೂ ಕಲಿಸ್ಲಿಲ್ವೇನೇ ನಿಮ್ಮಮ್ಮ?"

"ಸತ್ತೋರನ್ನ ಯಾಕೆ ಎಳೀತೀರಿ?" ಎಂದು ಯಂಗ್ನಾಮಕ್ಕ ಚೀರಿದಳು. ಚೀರಿದವಳೇ ಎದೆ ಹಿಡಿದು ಕುಸಿದಳು. ನೋವು ದವಡೆಗೂ ಎಡತೋಳಿಗೂ ಹರಿದಿತ್ತು. ಆ ಚಳಿಯಲ್ಲೂ ಮೈಯೆಲ್ಲ ಬೆವರು.

"ನಾಟಕ! ಕೆಲಸ ಕಂಡ್ರೆ ಸಾಕು, ಇವ್ಳಿಗೆ ಎದೆನೋವು," ಎಂದಳು ಅತ್ತೆ.

ಹತ್ತಿರದ ಕ್ಲಿನಿಕ್ಕಿಗೆ ಒಯ್ದಾಗ ಅಲ್ಲಿನ ಡಾಕ್ಟರು ಇಸಿಜಿ ನೋಡಿ, "ಈ ವಯಸ್ಸಿನ ಹೆಂಗಸ್ರಿಗೆ ಹಾರ್ಟ್ ಅಟ್ಯಾಕಾ? ಸಿಟ್ಟು ಕಟ್ಕೊಂಡಿದ್ದೀರಿ, ಅಷ್ಟೇ," ಎಂದು ಮಾತ್ರೆ ಬರೆದರು. ಅವಳ ಗಂಡ ತೇಗ್ಯು ತನ್ನ ತಾಯಿಯ ಮುಖ ನೋಡುತ್ತ ನಿಂತ. ನೋವು ಇಳಿಯದಿದ್ದಾಗ ನಾನೇ ಟ್ಯಾಕ್ಸಿ ಹಿಡಿದು ದೊಡ್ಡಾಸ್ಪತ್ರೆಗೆ ಒಯ್ದೆ.

ಅಲ್ಲಿನ ಡಾಕ್ಟರ್ ಮ್ಯಂಗ್ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದರು. ಹೃದಯಕ್ಕೆ ಪೆಟ್ಟು ಬಿದ್ದಿರುವುದು ಖಾತ್ರಿಯಾಯಿತು. ಮಣಿಕಟ್ಟಿನಿಂದ ಹೃದಯದವರೆಗೆ ನಳಿಕೆ ತೂರಿಸಿ ನೋಡಿದರು.

"ಹೃದಯದ ರಕ್ತನಾಳದ ಗೋಡೆ ಒಳಗಡೆ ತಾನಾಗೇ ಹರಿದಿದೆ. ಪದರಗಳ ನಡುವೆ ರಕ್ತ ತುಂಬ್ಕೊಂಡು ದಾರಿ ಅಮುಕಿದೆ."

"ಮತ್ಯಾಕೆ ಸ್ಟೆಂಟ್ ಹಾಕ್ಲಿಲ್ಲ?" ಮಗನೊಂದಿಗೆ ಹಿಂದೆಯೇ ಬಂದಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟಳು. "ಏನೂ ಇಲ್ಲ ಅಂತ ತಾನೇ?"

"ರಕ್ತ ಇನ್ನೂ ಹರೀತಿದೆ ಅಜ್ಜಿ. ಈಗ ಕೆಣಕಿದ್ರೆ ಹರುಕು ಉದ್ದ ಆಗ್ಬಹುದು. ಇಂಥದ್ದು ಹೆಚ್ಚಾಗಿ ತಾನೇ ಕೂಡ್ಕೊಳ್ಳುತ್ತೆ. ಇಲ್ಲೇ ಇಟ್ಕೊಂಡು ನೋಡ್ತೀವಿ. ನೋವು ಮತ್ತೆ ಬಂದ್ರೆ ಬೇರೆ ಮಾತು. ಆಮೇಲೂ ಮಾತ್ರೆ ಬಿಡೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ."

"ಸೊಸೆಗೆ ರಜಾ ಬರ್ಕೊಟ್ರು!"

ಯಂಗ್ನಾಮಕ್ಕ ಹಾಸಿಗೆಯಿಂದಲೇ ಗಂಡನಿಗೆ ಹೇಳಿದಳು: "ನಿಮ್ಮಮ್ಮನ್ನ ಆಚೆ ಕರ್ಕೊಂಡೋಗು. ನೀನೂ ಹೋಗು."

ಆಸ್ಪತ್ರೆಯಿಂದ ಅವಳು ಆ ಮನೆಗೆ ಹೋಗಲಿಲ್ಲ. ಬಂದರಿನ ಬಳಿ ಕೋಣೆ ಹಿಡಿದಳು. ದಿನಾ ನಿಧಾನವಾಗಿ ನಡೆದಳು. ಎದೆ ಸ್ವಲ್ಪ ಚುಳುಕ್ ಎಂದರೂ ಸಾಕು, ಹೆದರಿ ನನ್ನ ಕೈ ಹಿಡಿಯುತ್ತಿದ್ದಳು. ಮಾಗಿ ಕಳೆದ ಮೇಲೆ ಸ್ಕ್ಯಾನ್ ಮಾಡಿದಾಗ ಹರುಕು ಕೂಡಿಕೊಂಡಿತ್ತು.

ಮೀನು ಮಾರುಕಟ್ಟೆಯಲ್ಲಿ ಅತ್ತೆ ಎದುರಾದಳು. "ಇಲ್ದಿರೋ ರೋಗ ವಾಸಿಯಾಯ್ತಂತೆ?"

"ರಕ್ತನಾಳ ವಾಸಿಯಾಯ್ತು ಅತ್ತೆಮ್ಮ. ನಿಮ್ಮ ನಾಲಿಗೆಗೆ ಮದ್ದಿಲ್ಲ."

ಅತ್ತೆ ನೆಲಕ್ಕೆ ಉಗಿದಳು. ಯಂಗ್ನಾಮಕ್ಕ ಮೀನು ಕೊಂಡು, ಚೀಲ ನನ್ನ ಕೈಗಿಟ್ಟು ಮುಂದೆ ನಡೆದಳು. ಇಂದಿಗೂ ಅತ್ತೆ ಸೊಸೆಯರ ನಡುವೆ ಮಾತಿಲ್ಲ.