ಬೇರೆಯವರ ಕಿವಿಗೆ ಹೋದ ದನಿ

ಬೆಳಗಿನ ಐದೂ ಮುಕ್ಕಾಲು. ಹೈದರಾಬಾದಿನ ತಾರ್ನಾಕದ ದೊಡ್ಡ ರಸ್ತೆಯ ಬದಿಯಲ್ಲಿ ಔಷಧಿ ಅಂಗಡಿ ಇನ್ನೂ ಬಾಗಿಲು ತೆರೆದಿಲ್ಲ. ಅದರ ಮೆಟ್ಟಿಲ ಮುಂದೆ ಹುಸೇನಮ್ಮ ಮಡಚುವ ಟೇಬಲ್ಲೊಂದನ್ನು ಬಿಡಿಸಿ ನಿಲ್ಲಿಸುತ್ತಾರೆ. ಒಂದು ಕಾಲು ಗಿಡ್ಡ, ಅದಕ್ಕೆ ಟೈಲ್ಸ್ ಚೂರಿನ ಆಸರೆ. ಮೇಲೆ ಹಸಿರು ಟವೆಲ್ಲು, ಅದರ ಮೇಲೆ ಹತ್ತಿಯ ಕಡ್ಡಿಗಳು, ಹಳೆಯ ಟೂತ್‌ಬ್ರಷ್ಷು, ಸ್ಪಿರಿಟ್ಟಿನ ಪುಟ್ಟ ಸೀಸೆ, ಇಯರ್‌ಫೋನಿನ ತುದಿಗೆ ಹಾಕುವ ರಬ್ಬರ್ ಟೊಪ್ಪಿಗಳು ಗಾತ್ರದ ಪ್ರಕಾರ ಮೂರು ಡಬ್ಬಿಗಳಲ್ಲಿ. ಹೈಟೆಕ್ ಸಿಟಿಯ ಕಡೆ ಹೋಗುವ ಮೊದಲ ಕಂಪನಿ ಬಸ್ಸು ಆರೂಕಾಲಿಗೆ ಬರುತ್ತದೆ. ಅದಕ್ಕಿಂತ ಮೊದಲೇ ಗಿರಾಕಿಗಳು ಬಂದಿರುತ್ತಾರೆ.

“ಕನೆಕ್ಟ್ ನಹೀ ಹೋರಾ ಅಮ್ಮಾ,” ಎನ್ನುತ್ತ ಒಬ್ಬ ಯುವಕ ಫೋನನ್ನೂ ವೈರ್‌ಲೆಸ್ ಇಯರ್‌ಬಡ್ಸಿನ ಡಬ್ಬಿಯನ್ನೂ ಒಟ್ಟಿಗೆ ಚಾಚುತ್ತಾನೆ. ಬಸ್ಸಿನಲ್ಲೇ ಅವನಿಗೆ ಮೀಟಿಂಗು. ಹುಸೇನಮ್ಮ ಫೋನನ್ನು ಮುಟ್ಟುವ ಮೊದಲು ಅವನ ಬೆನ್ನಿನ ಚೀಲವನ್ನು ನೋಡುತ್ತಾರೆ.

“ಅಂದರ್ ಲ್ಯಾಪ್‌ಟಾಪ್ ಚಾಲೂ ಹೈ ಕ್ಯಾ?”

ಚಾಲೂ ಇದೆ. ರಾತ್ರಿ ಪೂರ್ತಿ ಆರಿಸದೆ ಚೀಲಕ್ಕೆ ಸೇರಿಸಿದ ಲ್ಯಾಪ್‌ಟಾಪು ಒಳಗಿಂದಲೇ ಇಯರ್‌ಬಡ್ಸನ್ನು ಹಿಡಿದುಕೊಂಡು ಕೂತಿದೆ. ಅದನ್ನು ಆರಿಸುತ್ತಲೇ ಫೋನಿಗೆ ಜೋಡಿ ಸಿಗುತ್ತದೆ. ಕೆಲಸ ಮುಗಿಯಲು ಒಂದು ನಿಮಿಷವೂ ಬೇಕಾಗಿಲ್ಲ. ಹುಡುಗ ಓಡುತ್ತಾನೆ.

“ಹತ್ತರಾಗ ಆರು ಮಂದೀದು ಇದಽ ಕತಿ ನೋಡ್ರಿ,” ಎನ್ನುತ್ತಾರೆ ಹುಸೇನಮ್ಮ. “ಯಂತ್ರ ಕೆಟ್ಟಿರೂದಿಲ್ಲ. ಹಳೇ ಗೆಣೆತನ ಬಿಟ್ಟಿರೂದಿಲ್ಲ. ಹಳೇ ಫೋನು, ಹೆಂಡತಿ ಫೋನು, ಮನೀ ಟಿವಿ, ಎಲ್ಲಾದಕ್ಕೂ ಕೂಡಸಿರ್ತಾರ. ಮೊದಲ ಅದನ್ನ ಮರಸ್ಬೇಕು. ಆಮ್ಯಾಲ ಹೊಸಾದು ಕೂಡಸ್ಬೇಕು.”

ನಲವತ್ತೊಂದು ವರ್ಷದ ಹುಸೇನಮ್ಮ ಯಾದಗಿರಿ ಜಿಲ್ಲೆಯವರು. ಮೊಹರಂ ಹಬ್ಬದಲ್ಲಿ ಹರಕೆ ಹೊತ್ತ ಅಜ್ಜಿ ಇಟ್ಟ ಹೆಸರು ಅದು. ಹದಿನೇಳು ವರ್ಷದ ಹಿಂದೆ ಗಂಡ ಮೌನಪ್ಪನ ಜೊತೆ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಬಂದರು. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡಕ್ಕೆ ಐದನೆಯ ಮಹಡಿಯವರೆಗೆ ಇಟ್ಟಿಗೆ ಹೊತ್ತಿದ್ದಾರೆ. ಕಟ್ಟಡ ಮುಗಿದ ಮೇಲೆ ಅದರಲ್ಲೇ ಒಂದು ಕಂಪನಿಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಮೌನಪ್ಪ ಇಂದಿಗೂ ಗೌಂಡಿಯೇ. ಈಗ ಕುಷಾಯಿಗೂಡದ ಕಡೆ ಕೆಲಸ ನಡೆದಿದೆ, ಮನೆಯೂ ಅಲ್ಲೇ ಸಮೀಪ.

ಇಯರ್‌ಫೋನಿನ ವಿದ್ಯೆ ಕೈಗೆ ಬಂದದ್ದು ಕೊರೊನಾ ಕಾಲದಲ್ಲಿ. ಕಂಪನಿಯ ಮೂರು ಮಹಡಿಗಳಲ್ಲಿ ಗಿರಾಕಿಗಳ ಕರೆಗೆ ಉತ್ತರಿಸುವವರು ಕೂರುತ್ತಿದ್ದರು. ಅವರ ವೈರ್‌ಲೆಸ್ ಹೆಡ್‌ಫೋನುಗಳನ್ನು ಪ್ರತಿ ಪಾಳಿ ಮುಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಮುಂದಿನ ಪಾಳಿಯವರ ಯಂತ್ರಕ್ಕೆ ಮತ್ತೆ ಜೋಡಿಸಬೇಕಿತ್ತು. ಒರೆಸುವುದು ಹುಸೇನಮ್ಮನ ಪಾಲು, ಜೋಡಿಸುವುದು ತಂತ್ರಜ್ಞ ಸುಬ್ಬರಾಯರ ಪಾಲು. ಸುಬ್ಬರಾಯರು ಸೋಂಕು ತಗಲಿ ರಜೆ ಹಾಕಿದ ಹದಿನೆಂಟು ದಿನ ಎರಡೂ ಕೆಲಸವನ್ನು ಹುಸೇನಮ್ಮನೇ ಮಾಡಿದರು. ಅವರು ಫೋನಿನಲ್ಲಿ ಹೇಳುತ್ತ ಹೋದರು, ಇವರು ಬೆರಳಿಡುತ್ತ ಹೋದರು.

“ದೀಪಾ ನೋಡು, ಅಕ್ಷರಾ ನೋಡಬ್ಯಾಡ ಅಂದ್ರು ಸಾಹೇಬ್ರು. ಬಿಳೀ ದೀಪಾ ಮಿಣುಕಿದ್ರ ಜೋಡಿ ಹುಡುಕಾಕತ್ತೈತಿ. ಕೆಂಪು ನಿಂತಿದ್ರ ಹೊಟ್ಟಿ ಹಸದೈತಿ, ಚಾರ್ಜಿಗೆ ಹಾಕು. ಎರಡೂ ಸಾಲಾಗಿ ಹತ್ತಿ ಆರಾಕತ್ತಿದ್ರ ಬಟನ್ ಒತ್ತಿ ಹಿಡದು ಹದಿನೈದು ಎಣಸು.”

ಒಂದು ವರ್ಷದೊಳಗೆ ಕಂಪನಿ ಆ ಮೂರು ಮಹಡಿಗಳನ್ನು ಖಾಲಿ ಮಾಡಿ ಎಲ್ಲರನ್ನೂ ಮನೆಯಿಂದ ಕೆಲಸ ಮಾಡಲು ಕಳಿಸಿತು. ನೆಲವೇ ಇಲ್ಲದ ಮೇಲೆ ಒರೆಸುವವರು ಯಾಕೆ? ಆಫೀಸುಗಳು ಮತ್ತೆ ತೆರೆದು ಬಸ್ಸುಗಳು ಓಡತೊಡಗಿದಾಗ ಹುಸೇನಮ್ಮ ರಬ್ಬರ್ ಟೊಪ್ಪಿ ಮಾರಲೆಂದು ತಾರ್ನಾಕಕ್ಕೆ ಬಂದರು. ಮಾರಲು ಕೂತವರನ್ನು ಜನ ರಿಪೇರಿಗೆ ಕೇಳಿದರು.

ಬೆಳಿಗ್ಗೆ ಆರೂಕಾಲಿನಿಂದ ಎಂಟೂವರೆಯವರೆಗೆ ಹದಿನಾಲ್ಕು ಬಸ್ಸು. ಹುಸೇನಮ್ಮ ಗಿರಾಕಿಗಳನ್ನು ತಲೆಯ ಲೆಕ್ಕದಲ್ಲಿ ಹೇಳುವುದಿಲ್ಲ, ಕಿವಿಯ ಲೆಕ್ಕದಲ್ಲಿ ಹೇಳುತ್ತಾರೆ. “ಸಾದಾ ದಿನಾ ನಲವತ್ತು ಕಿವಿ. ಸೋಮವಾರ ಅರವತ್ತರ ಮ್ಯಾಲೆ. ಶನಿವಾರ ಭಾನುವಾರ ಮನ್ಯಾಗ ಹುಡುಗರು ಆಡಿ ಕೆಡಸಿರ್ತಾವಲ್ರಿ.” ಯಾವ ದನಿಯೂ ಬಾರದ ಬಡ್ಸಿನಲ್ಲಿ ಹೆಚ್ಚಿನಂಶ ಸಿಗುವುದು ಕಿವಿಯ ಕೊಳೆ. ಅದನ್ನು ಅವರು ಗಿರಾಕಿಯ ಮುಖ ನೋಡದೆ ತೆಗೆಯುತ್ತಾರೆ, ನಾಚಿಕೆಯಾಗಬಾರದೆಂದು.

ಈ ಕಸುಬಿನಲ್ಲಿ ಅವರಿಂದ ಒಂದು ತಪ್ಪಾಗಿದೆ. ಅದನ್ನು ಅವರು ತಾವಾಗಿಯೇ ಹೇಳುತ್ತಾರೆ.

ಕಳೆದ ವರ್ಷ ಜುಲೈ ತಿಂಗಳ ಒಂದು ಗುರುವಾರ. ಮಾನ್ವಿ ಕಡೆಯ ಉಮಾಶ್ರೀ ಎಂಬ ಹುಡುಗಿ ಆರು ಗಂಟೆಗೇ ಬಂದಳು. ಅಲ್ಲೇ ಹತ್ತಿರದ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿದವಳು. ಹುಟ್ಟಿನಿಂದ ಕಣ್ಣು ಕಾಣದು. ಅವಳ ಫೋನು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ, ಅವಳು ಅದನ್ನು ಇಯರ್‌ಬಡ್ಸಿನಲ್ಲಿ ಕೇಳಿಸಿಕೊಂಡು ಬೆರಳಾಡಿಸುತ್ತಾಳೆ. ಪರದೆಯ ಬೆಳಕನ್ನು ಪೂರ್ತಿ ಆರಿಸಿಟ್ಟಿರುತ್ತಾಳೆ. ಅವಳಿಗೆ ಅದು ಬೇಕಿಲ್ಲ, ಪಕ್ಕದವರೂ ಇಣುಕಬಾರದು. ಅಂದು ಏಳು ಗಂಟೆಗೆ ಫೋನಿನಲ್ಲೇ ಅವಳ ಸಂದರ್ಶನ. ಹೊರದೇಶದಿಂದ ಕರೆ ಬರುವುದಿತ್ತು. ಬಲಗಿವಿಯ ದನಿ ಮಂದವಾಗಿದೆ ಎಂಬುದಷ್ಟೇ ಅವಳ ದೂರು.

ಹುಸೇನಮ್ಮ ಬಡ್ಸಿನ ಬಾಯಿಯ ಜಾಳಿಗೆಯನ್ನು ತಿಕ್ಕಿ, ಪರೀಕ್ಷಿಸಿ, ಡಬ್ಬಿಗೆ ಹಾಕಿದರು. ಅಷ್ಟರಲ್ಲಿ ಮಹೇಶಕುಮಾರ ಎಂಬ ಕಾಯಂ ಗಿರಾಕಿ ತಮ್ಮದನ್ನು ಕೊಟ್ಟರು. ಬೀದರ ಕಡೆಯವರು, ಒಂದು ಸಾಫ್ಟ್‌ವೇರ್ ಕಂಪನಿಯ ನೌಕರ. ಅವರದ್ದೂ ಉಮಾಶ್ರೀಯದ್ದರಂಥದೇ ಕಪ್ಪು ಡಬ್ಬಿ. ಅದನ್ನೂ ಜೋಡಿಸಿ ಕೆಳಗಿಟ್ಟದ್ದಾಯಿತು. ಮೂರನೆಯವರೊಬ್ಬರು ಅವಸರ ಮಾಡಿದರು. ಹುಸೇನಮ್ಮ ಅತ್ತ ತಿರುಗಿ, ಇತ್ತ ಎರಡು ಡಬ್ಬಿಗಳನ್ನು ಎರಡು ಕೈಗೆ ಕೊಟ್ಟರು. ಅದಲು ಬದಲು.

ಮಹೇಶಕುಮಾರ ಆರೂ ನಲವತ್ತಕ್ಕೆ ಹೊರಡುವ ಬಸ್ಸು ಹತ್ತಿ ಕೂತರು. ಉಮಾಶ್ರೀ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಡ್ಸ್ ಹಾಕಿಕೊಂಡಳು. ಫೋನು ಮಾತಾಡಲಿಲ್ಲ.

“ಅಕ್ಕಾ, ಮುಟ್ಟಿದ್ರ ನಡಗತೈತಿ. ಜೀವ ಐತಿ. ಆದ್ರ ದನಿ ಇಲ್ಲ,” ಅಂದಳು ಉಮಾಶ್ರೀ.

ಹುಸೇನಮ್ಮ ಫೋನು ತೆಗೆದುಕೊಂಡರು. ಪರದೆ ಕಪ್ಪು. ಒತ್ತಿದರೂ ಕಪ್ಪು. ನೋಡಬಲ್ಲವರಿಗೆ ನೋಡಲು ಏನಿಲ್ಲ, ಕೇಳಬಲ್ಲವಳಿಗೆ ಕೇಳಲು ಏನಿಲ್ಲ. ಗಂಟೆ ಆರೂ ಇಪ್ಪತ್ತೈದು.

“ಹುಡುಗಿ ಅಳಲಿಲ್ಲ. ಅತ್ತಿದ್ರ ಬೇಸಿತ್ತು.”

ದನಿ ಸತ್ತಿಲ್ಲ, ಎಲ್ಲೋ ಹೋಗುತ್ತಿದೆ ಎಂಬುದು ಹುಸೇನಮ್ಮನಿಗೆ ಗೊತ್ತು. ಬ್ಲೂಟೂತು ದೂರ ಹೋಗಲಾರದು ಎಂಬುದೂ ಗೊತ್ತು. ಫೋನನ್ನು ಉಮಾಶ್ರೀಗೆ ಮರಳಿಸಿ, ಅವಳ ತೋಳು ಹಿಡಿದು, ವಿಶ್ವವಿದ್ಯಾಲಯದ ಕಡೆಗೆ ನಡೆಯತೊಡಗಿದರು. ಹುಡುಗಿ ಪರದೆಯ ಮೇಲೆ ಬೆರಳು ಆಡಿಸುತ್ತಲೇ ಇದ್ದಳು. ಮೂವತ್ತು ಹೆಜ್ಜೆಗೆ ಏನೂ ಇಲ್ಲ. ನಲವತ್ತರ ಹತ್ತಿರ ಜೋಡಿ ಕಡಿದು ಫೋನು ತನ್ನ ಸ್ವಂತ ಬಾಯಿಂದ ಒಮ್ಮೆಲೇ ಓದತೊಡಗಿತು. ತಿರುಗಿ ಟೇಬಲ್ಲಿನತ್ತ ಬಂದರು. ಮತ್ತೆ ಮೂಕ.

ಟೇಬಲ್ಲಿನ ಮುಂದೆ ನಿಂತಿದ್ದುದು ಒಂದೇ ಬಸ್ಸು. ಹುಸೇನಮ್ಮ ಉಮಾಶ್ರೀಯ ಬಳಿಯಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದರು. ತಳದಲ್ಲಿ ಗೀರು. ಆ ಗೀರನ್ನು ಅವರು ಸ್ವಲ್ಪ ಹೊತ್ತಿನ ಹಿಂದೆ ಮಹೇಶಕುಮಾರರ ಡಬ್ಬಿಯಲ್ಲಿ ನೋಡಿದ್ದರು.

ಬಸ್ಸಿನಲ್ಲಿ ನಲವತ್ತು ಜನ. ಅವರಲ್ಲಿ ಅರ್ಧಕ್ಕರ್ಧ ಹುಸೇನಮ್ಮನ ಗಿರಾಕಿಗಳು. ಬೇರೆ ದಾರಿ ಇರಲಿಲ್ಲವೇ? ಇತ್ತು. ಗಿರಾಕಿಗಳ ಫೋನು ಪರೀಕ್ಷಿಸಲು ತಾವು ಇಟ್ಟುಕೊಂಡಿದ್ದ ಹೆಡ್‌ಫೋನನ್ನು ಹುಡುಗಿಗೆ ಕೊಟ್ಟು, ಬಸ್ಸು ಹೋದ ಮೇಲೆ ಜೋಡಿಸಿಕೊಟ್ಟಿದ್ದರೆ ಆಗುತ್ತಿತ್ತು. ಸಂಜೆ ಮಹೇಶಕುಮಾರರ ಹತ್ತಿರ ಗುಟ್ಟಾಗಿ ಅದಲು ಬದಲು ಮಾಡಿಕೊಳ್ಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಡ್ರೈವರ್ ಇಂಜಿನ್ ಚಾಲೂ ಮಾಡಿದ. ಹುಸೇನಮ್ಮ ಬಾಗಿಲಿನ ಕಂಬಿ ಹಿಡಿದು ಮೇಲೆ ಹತ್ತಿ ನಿಂತರು.

“ಮಹೇಶಣ್ಣಾರ, ನಿಮ್ಮ ಡಬ್ಬಿ ಕೊಡ್ರಿ. ನಾ ಗಲತಿ ಮಾಡೀನಿ. ನಿಮ್ಮದು ಆ ಹುಡುಗಿಗೆ ಕೊಟ್ಟೀನಿ, ಆಕೀದು ನಿಮಗ ಕೊಟ್ಟೀನಿ.” ಉಳಿದವರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು.

ಮೂರನೆಯ ಸಾಲಿನಲ್ಲಿದ್ದ ಮಹೇಶಕುಮಾರ ಅಂಗಿಯ ಜೇಬಿನಿಂದ ಎರಡು ಬಡ್ಸ್ ತೆಗೆದರು. “ಅದಕ್ಕೇ ಅನ್ನು! ಹಾಕ್ಕೊಂಡ ಕೂಡ್ಲೇ ಕಿವ್ಯಾಗ ಯಾರೋ ಗಡಬಡ ಓದಾಕತ್ತಿದ್ರು. ರಿಪೇರಿ ಬರೋಬರಿ ಆಗಿಲ್ಲಂತ ತಗದು ಕಿಸೇದಾಗ ಇಟ್ಟಿದ್ದೆ,” ಅಂದರು. ಬಸ್ಸಿನೊಳಗೆ ನಗು. ಹಿಂದಿನಿಂದ ಒಬ್ಬರು ತೆಲುಗಿನಲ್ಲಿ ಏನೋ ಅಂದರು, ಇನ್ನು ಇವರ ಕೈಗೆ ಕೊಡುವಾಗ ಗುರುತು ಹಾಕಿ ಕೊಡಬೇಕು ಎಂಬ ಅರ್ಥದ ಮಾತು. ಹುಸೇನಮ್ಮ ನಗಲಿಲ್ಲ. ಬಡ್ಸನ್ನೂ ಡಬ್ಬಿಯನ್ನೂ ಸೆರಗಿನಲ್ಲಿ ಹಿಡಿದು ಇಳಿದರು, ಉಮಾಶ್ರೀಯ ಬಳಿಯಿದ್ದ ಬಡ್ಸನ್ನು ಗೀರಿನ ಡಬ್ಬಿಗೆ ಹಾಕಿ ಕಿಟಕಿಯಿಂದ ಮಹೇಶಕುಮಾರರಿಗೆ ತಲುಪಿಸಿದರು.

ಉಮಾಶ್ರೀ ಬಡ್ಸ್ ಹಾಕಿಕೊಂಡು ಫೋನು ಮುಟ್ಟಿದಾಗ ಆರೂ ಮುಕ್ಕಾಲು. ಹುಸೇನಮ್ಮ ಕೇಳಿದರು: “ಕೇಳಸ್ತೇನವಾ?” ಹುಡುಗಿ ಹೂಂ ಅಂದಳು.

ಏಳು ಗಂಟೆಗೆ ಕರೆ ಬಂತು. ಇಪ್ಪತ್ತಾರು ನಿಮಿಷ ಅವಳು ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ಮಾತಾಡಿದಳು. ಅಷ್ಟು ಹೊತ್ತೂ ಹುಸೇನಮ್ಮ ಅವಳಿಗೂ ರಸ್ತೆಗೂ ನಡುವೆ ನಿಂತಿದ್ದರು. ಹಾರ್ನ್ ಹೊಡೆದ ಇಬ್ಬರು ಆಟೋದವರಿಗೆ ಕೈಯಲ್ಲೇ ಬೈದರು. ಬಂದ ಗಿರಾಕಿಗಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು.

ಆ ಕೆಲಸ ಉಮಾಶ್ರೀಗೆ ಸಿಗಲಿಲ್ಲ. ಎರಡು ತಿಂಗಳ ನಂತರ ಬೇರೊಂದು ಕಂಪನಿಯಲ್ಲಿ ಸಿಕ್ಕಿತು. ಕುರುಡರಿಗೆ ಆ್ಯಪುಗಳು ಸರಿಯಾಗಿ ಓದಿ ಹೇಳುತ್ತವೆಯೇ ಎಂದು ಪರೀಕ್ಷಿಸುವ ಕೆಲಸ. ಈಗ ಅವಳೂ ಆರೂ ನಲವತ್ತರ ಬಸ್ಸಿಗೆ ಬರುತ್ತಾಳೆ. “ಆವತ್ತು ಅಕ್ಕ ಬಸ್ಸಿನಾಗ ಹೇಳಿದ್ದು ನನಗೂ ಕೇಳಿಸ್ತು,” ಎನ್ನುತ್ತಾಳೆ ಉಮಾಶ್ರೀ. “ಅಲ್ಲೀತನಾ ನನ್ನ ಫೋನಽ ಕೆಟ್ಟೈತಿ ಅಂದ್ಕೊಂಡಿದ್ದೆ. ಕೆಟ್ಟಾಗೆಲ್ಲಾ ನಾನಽ ಏನೋ ತಪ್ಪು ಒತ್ತೀನಿ ಅಂತಾರ ಮಂದಿ. ಮೊದಲನೇ ಸಲ ಒಬ್ಬರು ತಪ್ಪು ನಂದು ಅಂದ್ರು.”

ಬಸ್ಸಿನಲ್ಲಿ ಆಡಿದ ಆ ಮಾತಿನಿಂದ ಹುಸೇನಮ್ಮನಿಗೆ ನಷ್ಟವೂ ಆಯಿತು. ಮರುದಿನ ಇಪ್ಪತ್ತು ಕಿವಿಯೂ ದಾಟಲಿಲ್ಲ. ಅದರ ಮರುವಾರವೂ ಹಾಗೆಯೇ. ಕೆಲವರು ಕೊಟ್ಟ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ನಿಲ್ಲುತ್ತಿದ್ದರು. ಮೌನಪ್ಪ ಮನೆಯಲ್ಲಿ, ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ಎಂದು ಕೇಳಿದರಂತೆ. ಅಂದಿನಿಂದ ಹುಸೇನಮ್ಮ ಟವೆಲ್ಲಿನ ಮೇಲೆ ಒಂದು ಸಲಕ್ಕೆ ಒಬ್ಬರದನ್ನು ಮಾತ್ರ ಇಡುತ್ತಾರೆ. ಅದು ಗಿರಾಕಿಯ ಕಿವಿ ಸೇರಿ, ಅವರು ತಲೆಯಾಡಿಸುವ ತನಕ ಎರಡನೆಯದನ್ನು ಮುಟ್ಟುವುದಿಲ್ಲ. ಇದರಿಂದ ಕೆಲಸ ನಿಧಾನ. ಬಸ್ಸು ತಪ್ಪುತ್ತದೆಂದು ಗೊಣಗಿ ಹೋಗುವವರು ದಿನಕ್ಕೆ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ನಲವತ್ತು ಕಿವಿಗೆ ಮರಳಲು ದೀಪಾವಳಿಯವರೆಗೆ ಕಾಯಬೇಕಾಯಿತು. ಮೊದಲು ಮರಳಿ ಬಂದವರು ಮಹೇಶಕುಮಾರರೇ. ಹೆಂಡತಿಯ ಬಡ್ಸನ್ನೂ ತಂದಿದ್ದರು.

ಎಂಟೂವರೆಯ ಬಸ್ಸು ಹೋಗಿದೆ. ಔಷಧಿ ಅಂಗಡಿಯವರು ಬಂದು ಬಾಗಿಲಿನ ಬೀಗ ತೆಗೆಯುತ್ತಿದ್ದಾರೆ. ಹುಸೇನಮ್ಮ ಜಾಗ ಬಿಡಬೇಕು. ಟೇಬಲ್ಲು ಮಡಚುತ್ತಿದ್ದವರನ್ನು, ಅಂದು ಸುಮ್ಮನಿದ್ದರೆ ನಡೆಯುತ್ತಿರಲಿಲ್ಲವೇ ಎಂದು ಕೇಳುತ್ತೇನೆ. ಅವರು ಗಿಡ್ಡ ಕಾಲಿನ ಕೆಳಗಿನ ಟೈಲ್ಸ್ ಚೂರನ್ನು ಎತ್ತಿಕೊಳ್ಳುತ್ತಾರೆ.

“ಕಣ್ಣಿದ್ದವರಿಗೆ ಹಂಗಾಗಿದ್ರ ತಾವಽ ನೋಡಿ ಜಗಳಾ ತಗೀತಿದ್ರು. ಆಕಿ ಕೈಯಾಗ ಬ್ಯಾರೇದವರ ಡಬ್ಬಿ ಐತಿ ಅಂತ ನಾ ಹೇಳಲಿಲ್ಲಂದ್ರ ಮತ್ತ ಯಾರು ಹೇಳಬೇಕ್ರಿ?”

ಮುಂದೇನು ಆಸೆ ಎಂದರೆ ಅಂಗಡಿ ಎನ್ನುವುದಿಲ್ಲ. ಟೇಬಲ್ಲಿಗೆ ನೇತುಹಾಕಲು ಒಂದು ಬೋರ್ಡು ಬರೆಸಬೇಕು, ಕನ್ನಡ, ತೆಲುಗು, ಹಿಂದಿ ಮೂರರಲ್ಲೂ. ಏನೆಂದು?

“ನನ್ನ ಹೆಸರು ಬ್ಯಾಡ್ರಿ. ಹೆಸರು ನೋಡಿ ಯಾರು ಬರ್ತಾರ. ‘ತಪ್ಪಾಗಿದ್ರ ತಿರುಗಿ ಬರ್ರಿ, ನಾ ಇಲ್ಲೇ ಇರ್ತೀನಿ’ ಅಂತ ಬರಸ್ತೀನಿ.”