ಇಳಿಜಾರಿನ ಮೇಲೆ ರಂಗೋಲಿ

ಬ್ಯಾಟರಿಯ ಗಾಲಿಕುರ್ಚಿ ಮನೆಗೆ ಬಂದ ದಿನದಿಂದ ನನಗೆ ಅಂಜಿಕೆ ಶುರುವಾಯಿತು. ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದರೆ ನಮ್ಮ ಮಂದಿ ಸುಮ್ಮನಿರುತ್ತಾರೆಯೇ? "ಅಂಜಿಕಿ ಇದ್ರ ಯಾಕ ತಂದಿ?" ಎನ್ನುತ್ತಾರೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋದವಳು ನಾನು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ನಮ್ಮೂರು ವಾಡಿಯ ಓಣಿಗಳನ್ನೆಲ್ಲ ವರ್ಷಗಟ್ಟಲೆ ಸುತ್ತಿದ್ದೇನೆ. ಅದು ತಿರುಗಿಸಿದರೆ ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಹೆಗಲ ಕೀಲು ಸವೆದಿದೆ, ಇನ್ನೂ ಹೀಗೇ ತಿರುಗಿಸಿದರೆ ಕೈಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಈ ಕುರ್ಚಿ ಬಂತು. ಇದರ ಕೈಯಾಸರೆಯ ಮೇಲಿನ ಪುಟ್ಟ ಕಡ್ಡಿಗೆ ಬೆರಳು ತಾಕಿದರೆ ಸಾಕು, ಹೊರಡುತ್ತದೆ. ಸೀನು ಬಂದರೂ ಅರ್ಧ ಮಾರು ಮುಂದೆ ಹೋಗಿರುತ್ತದೆ.

ಅಂಜಿಕೆ ಇದ್ದರೂ ಕುರ್ಚಿ ಬಿಡುವ ಮನಸ್ಸಿರಲಿಲ್ಲ. ಎರಡು ಓಣಿ ಆಚೆಗಿನ ಶಾಲೆಯಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಯಾರಿಗೂ ಕಾಯದೆ, ಯಾರ ಹೆಗಲಿಗೂ ಜೋತು ಬೀಳದೆ, ಒಬ್ಬಳೇ ಹೋಗಿ ಒಬ್ಬಳೇ ಬರುವುದಿದೆಯಲ್ಲ, ಅದೊಂದಕ್ಕಾಗಿ ನಾನು ಎಷ್ಟು ಅಂಜಿಕೆಯನ್ನಾದರೂ ನುಂಗಬಲ್ಲೆ.

ಮನೆಯಲ್ಲಿ ಅವ್ವ, ತಮ್ಮ, ನಾನು, ಮೂರೇ ಜನ. ತಮ್ಮ ದಿನಾ ರೈಲು ಹತ್ತಿ ಶಹಾಬಾದಿಗೆ ಹೋಗಿ ಪರ್ಸಿಕಲ್ಲು ಪಾಲಿಶ್ ಮಾಡುವ ಕೆಲಸ ಮಾಡುತ್ತಾನೆ. ನಮ್ಮ ಸೀಮೆಯಲ್ಲಿ ನೆಲಕ್ಕೆ ಪರ್ಸಿ, ಗೋಡೆಗೆ ಪರ್ಸಿ, ಹಿತ್ತಲಲ್ಲಿ ಬಟ್ಟೆ ಒಗೆಯುವುದೂ ಪರ್ಸಿಯ ಮೇಲೆಯೇ. ಕುರ್ಚಿ ಬರುವ ಮೊದಲು ಅವನು ಬಾಗಿಲ ಮುಂದಿನ ಮೂರು ಮೆಟ್ಟಿಲು ಒಡೆದು ಇಳಿಜಾರು ಕಟ್ಟಿದ. ಅಕ್ಕನಿಗೆ ಎಂದು ಆರಿಸಿ ಆರಿಸಿ, ಒಳ್ಳೆಯ ಕಲ್ಲು ತಂದು, ಮುಖ ಕಾಣುವಂತೆ ಉಜ್ಜಿ ಹಾಸಿದ. ಗಾಲಿಗೆ ಒರಟು ಕಲ್ಲೇ ಬೇಕು ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಪ್ರೀತಿ ಇದ್ದವರಿಗೆ ಒರಟು ಕಲ್ಲು ಹಾಸುವ ರೂಢಿ ನಮ್ಮಲ್ಲಿಲ್ಲ.

ಕುರ್ಚಿ ಜೋಡಿಸಲು ಕಲಬುರಗಿಯಿಂದ ಬಂದ ಮೆಕ್ಯಾನಿಕ್ಕು ಒಂದು ತಾಸು ಪಾಠ ಮಾಡಿದ. ವೇಗದ ಗುಂಡಿಯ ಒಂದು ಬದಿಗೆ ಆಮೆಯ ಚಿತ್ರ, ಇನ್ನೊಂದು ಬದಿಗೆ ಮೊಲದ ಚಿತ್ರ. "ಮೇಡಂ, ಇಳಿಯೂವಾಗ ಆಮಿ ಮ್ಯಾಲೇ ಇಡ್ರಿ. ಬೆಲ್ಟು ಕಟ್ಟದಽ ಚಾಲೂ ಮಾಡಬ್ಯಾಡ್ರಿ. ಹಿಂದ ವಜ್ಜಾ ಚೀಲ ಹಾಕಬ್ಯಾಡ್ರಿ. ಏರಿದ್ರೂ ಸೀದಾ, ಇಳಿದ್ರೂ ಸೀದಾ. ನಡುವ ಮಾತ್ರ ತಿರುಗಿಸಬ್ಯಾಡ್ರಿ, ಪಲ್ಟಿ ಹೊಡಿತದ" ಎಂದ. ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ತಲೆ ಆಡಿಸಿದೆ. ನಮ್ಮ ಮಕ್ಕಳೂ ಹೀಗೆಯೇ ತಲೆ ಆಡಿಸುತ್ತಾರೆ. ಮರುವಾರವೇ ಪರೀಕ್ಷೆಯ ಪೇಪರಿನ ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿಕೊಂಡು ಇಳಿಜಾರು ಏರಿದೆ. ಅರ್ಧ ಏರುವಷ್ಟರಲ್ಲಿ ಮುಂದಿನ ಸಣ್ಣ ಗಾಲಿಗಳು ನೆಲ ಬಿಟ್ಟವು. ಆಕಾಶ ಕಣ್ಣೆದುರಿಗೆ ಬಂತು. ಹಿಂದೆ ಆಸರೆಗೆ ಇಟ್ಟ ಪುಟ್ಟ ಗಾಲಿಗಳು ತಡೆದದ್ದರಿಂದ ಉಳಿದೆ. ಅಂದಿನಿಂದ ಚೀಲ ತೊಡೆಯ ಮೇಲೆಯೇ ಇರುತ್ತದೆ.

ಅವ್ವನದು ಬೇರೆಯೇ ಕಥೆ. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕದೆ ಅವಳು ಚಹಾ ಕುಡಿಯುವವಳಲ್ಲ. ಬಾಗಿಲ ಮುಂದಿನ ಜಾಗವೇ ಈಗ ಇಳಿಜಾರಾಗಿತ್ತು. ನಾನು ಒಮ್ಮೆ ಬೇಡವೆಂದು ಹೇಳಿ ನೋಡಿದೆ.

"ಸತ್ತವರ ಮನಿ ಮುಂದ ಬರೀ ನೆಲ ಬಿಡ್ತಾರ. ನಮ್ಮನ್ಯಾಗ ಏನಾಗ್ಯಾದ?" ಎಂದಳು.

ಕೊನೆಗೆ ಒಂದು ಒಪ್ಪಂದವಾಯಿತು. ಗೋಡೆಯ ಪಕ್ಕ ಗೇಣು ಜಾಗದಲ್ಲಿ ಅವಳ ರಂಗೋಲಿ, ಉಳಿದದ್ದರಲ್ಲಿ ನನ್ನ ಗಾಲಿ.

ಶ್ರಾವಣದ ಮೊದಲ ಸೋಮವಾರ ಅವ್ವ ಒಪ್ಪಂದ ಮರೆತಳು. ನಾನು ಬೆಲ್ಟು ಬಿಗಿದು, ಗುಂಡಿಯನ್ನು ಆಮೆಯ ಕಡೆ ತಿರುಗಿಸಿ, ಹೊಸ್ತಿಲು ದಾಟಿ ಇಳಿಯತೊಡಗಿದೆ. ಒಂದು ಮೊಳ ಇಳಿದ ಮೇಲೆ ಕಣ್ಣಿಗೆ ಬಿತ್ತು. ಇಳಿಜಾರಿನ ನಟ್ಟನಡುವೆ, ಒದ್ದೆ ಕಲ್ಲಿನ ಮೇಲೆ, ದೊಡ್ಡ ರಂಗೋಲಿ. ನಡುವೆ ಲಿಂಗ, ಸುತ್ತಲೂ ಬಿಲ್ವಪತ್ರೆಯ ಎಸಳು. ನಡುಗುವ ಕೈಯಲ್ಲಿ ಅಷ್ಟು ಹೊತ್ತು ಕೂತು ಬಿಡಿಸಿದ್ದಾಳೆ. ಅದರ ಮೇಲೆ ಗಾಲಿ ಹಾಯಿಸುವುದೇ? ಹುಟ್ಟಿದಾಗಿನಿಂದ ಒಂದು ರಂಗೋಲಿಯನ್ನೂ ತುಳಿಯದ ಹೆಣ್ಣು ವಾಡಿಯಲ್ಲಿ ಒಬ್ಬಳಿದ್ದರೆ ಅದು ನಾನೇ. ನಿಲ್ಲಿಸಬಹುದಿತ್ತು, ಅವ್ವನನ್ನು ಕೂಗಬಹುದಿತ್ತು. ಇವೆಲ್ಲ ಆಮೇಲಿನ ಬುದ್ಧಿ. ಬೆರಳು ತಾನಾಗಿ ಬಲಕ್ಕೆ ವಾಲಿತು. ಕುರ್ಚಿ ಇಳಿಜಾರಿಗೆ ಅಡ್ಡವಾಗಿ ತಿರುಗಿ, ಒದ್ದೆ ಪಾಲಿಶಿನ ಮೇಲೆ ಜಾರಿ, ಅಂಚು ದಾಟಿ ಪಕ್ಕಕ್ಕೆ ಉರುಳಿತು.

ಕುರ್ಚಿಯ ತೂಕವೇ ಎರಡು ಸಿಮೆಂಟ್ ಚೀಲದಷ್ಟು. ಬೆಲ್ಟು ಇದ್ದದ್ದರಿಂದ ಅದರ ಕೆಳಗೆ ಸಿಗದೆ, ಅದರ ಜೊತೆಗೇ ಬಿದ್ದೆ. ಮೊಣಕೈ ಒಡೆಯಿತು, ಕಿವಿಯ ಮೇಲೆ ಪಕ್ಕದ ಮನೆಯ ಗೋಡೆ ಬಡಿಯಿತು. ನೋವಿಗಿಂತ ಮೊದಲು ಕೇಳಿಸಿದ್ದು ಗಾಲಿ ಗಿರಗಿರನೆ ತಿರುಗುವ ಸದ್ದು. ನನ್ನ ಕೈ ಇನ್ನೂ ಕಡ್ಡಿಯನ್ನು ಒತ್ತಿ ಹಿಡಿದಿತ್ತು. ಬಿಡು ಎಂದರೆ ಬೆರಳು ಕೇಳುತ್ತಿರಲಿಲ್ಲ. ಅಷ್ಟು ಅಂಜಿದ್ದೆ.

ಇನ್ನೂ ರೈಲಿಗೆ ಹೊರಟಿರದ ತಮ್ಮ ಓಡಿ ಬಂದು ಎತ್ತಿದ. "ಹೆಂಗ ಬಿತ್ತು ಅಕ್ಕಾ?" ಎಂದ. ಅವನ ಹಿಂದೆ ಅವ್ವ, ಬೆರಳ ತುದಿಯಲ್ಲಿ ಇನ್ನೂ ರಂಗೋಲಿಯ ಪುಡಿ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಗಾಡಿ ತಾನೇ ತಿರುಗ್ತು."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನಗೂ ಇಲ್ಲವಲ್ಲ, ನಾಲ್ಕು ದಿನ ಸುಳ್ಳೂ ನಾನೂ ಹೊಂದಿಕೊಂಡು ಇದ್ದೆವು.

ಐದನೆಯ ದಿನ ಮೆಕ್ಯಾನಿಕ್ಕು ಮತ್ತೆ ಬಂದು, ಎಲ್ಲ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದು ಹೋದ. ತಮ್ಮನಿಗೆ ಅದರಿಂದ ಅಂಜಿಕೆ ಇನ್ನೂ ಹೆಚ್ಚಾಯಿತು. "ಕಾಣೂ ರೋಗಕ್ಕ ಔಷಧ ಅದ. ಕಾಣದ ರೋಗಕ್ಕ ಏನು ಮಾಡ್ತಿ? ಶ್ರಾವಣ ಮುಗೀಲಿ ಅಕ್ಕಾ, ಇದನ್ನ ವಾಪಸ್ ಕೊಟ್ಟು ಬಿಡಮು. ಆಟೋದವಗ ಹೇಳ್ತೀನಿ, ಎತ್ತಿ ಕುಂದ್ರಿಸ್ತಾನ, ಎತ್ತಿ ಇಳಿಸ್ತಾನ" ಎಂದ. ಎತ್ತಿ ಕೂರಿಸುವುದು, ಎತ್ತಿ ಇಳಿಸುವುದು. ಕುರ್ಚಿ ಉಳಿಯಬೇಕೆಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಮಗಳನ್ನು ಕೆಡವಿದ್ದು ತನ್ನ ರಂಗೋಲಿ ಎಂದು ಅವ್ವನಿಗೆ ತಿಳಿಯುತ್ತದೆ. ಬಾಯಿ ಬಿಡಲಿಲ್ಲ.

ತಮ್ಮ ಉಳಿಯಿಂದ ತಾನೇ ಉಜ್ಜಿದ ಪಾಲಿಶಿಗೆ ಗೀರು ಹೊಡೆದು ಒರಟು ಮಾಡಿದ, ಅಂಚಿಗೆ ಗೇಣೆತ್ತರದ ಕಟ್ಟೆ ಕಟ್ಟಿದ. ಮೊಣಕೈ ಮಾಯ್ದು ಶಾಲೆಗೆ ಹೊರಟ ಮೊದಲ ದಿನ, ತಮ್ಮ ಪಕ್ಕದಲ್ಲೇ ಇದ್ದರೂ ಅಂಜುತ್ತಲೇ ಇಳಿದೆ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಅಂಜಿಕೆಯಂತೆ, ನನಗೆ ತರಗತಿಯ ಹೊಸ್ತಿಲು ಕಂಡರೂ ಬೆವರು ಬಂತು.

ಮರುದಿನ ಜಿಟಿಜಿಟಿ ಮಳೆ ಹಿಡಿದಿತ್ತು. ತಮ್ಮ ಆಗಲೇ ರೈಲಿಗೆ ಹೋಗಿದ್ದ. ಹೊಸ್ತಿಲ ಮೇಲೆ ಬಂದು ನೋಡುತ್ತೇನೆ, ಇಳಿಜಾರಿನ ಬುಡದಲ್ಲಿ ಅವ್ವ ನಿಂತಿದ್ದಾಳೆ. ಸೆರಗು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಅಗಲಿಸಿ, ಕರು ಹಿಡಿಯುವವರ ಹಾಗೆ.

"ಅವ್ವಾ, ಅಲ್ಲಿ ಯಾಕ ನಿಂತಿ? ಬಾಜೂಕ ಸರಿ."

"ಆ ಮಷೀನಿನ ಭರೋಸಾ ಏನದ? ಮತ್ತ ತಾನೇ ತಿರುಗಿದ್ರ? ನೀ ಇಳಿ, ನಾ ಹಿಡಿತೀನಿ."

ಒಂದು ಸಿಮೆಂಟ್ ಚೀಲದಷ್ಟೂ ತೂಕವಿಲ್ಲದ ಅವ್ವ. ಕುರ್ಚಿ ಎರಡು ಚೀಲ, ನಾನೊಂದು ಚೀಲ. ಒದ್ದೆ ಕಲ್ಲಿನ ಮೇಲೆ ಅದು ಜಾರಿತು ಎಂದುಕೊಳ್ಳಿ, ಹಿಂದೆ ಎದುರು ಮನೆಯ ಗೋಡೆ, ನಡುವೆ ಅವಳು. ನಾನು ಬಿದ್ದ ದಿನವೂ ಇಂಥ ಅಂಜಿಕೆ ಆಗಿರಲಿಲ್ಲ. ಕುರ್ಚಿ ಬಂದ್ ಮಾಡಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡೆ.

"ಬಾಜೂಕ ಸರಿ ಅವ್ವಾ. ನಿನ್ನ ಕಾಲು ಬೀಳ್ತೀನಿ."

"ಸರಿಯಂಗಿಲ್ಲ. ಬಿದ್ರ ನನ್ನ ಮ್ಯಾಲ ಬೀಳು. ನಾ ಎಷ್ಟು ದಿನ ಇರಾಕಿ?"

ಗದರಿಸಿದೆ. ಹಟ ಮಾಡಿದೆ. ಶಾಲೆಗೆ ಹೋಗುವುದೇ ಇಲ್ಲ ಎಂದೆ. "ನಾಳಿಗೂ ಇಲ್ಲೇ ನಿಂದರ್ತೀನಿ" ಎಂದಳು. ನಾನು ಹೇಳಿದ ಸುಳ್ಳನ್ನು ನಂಬಿಯೇ ಅವಳು ಅಲ್ಲಿ ನಿಂತಿದ್ದಳು. ಅವಳನ್ನು ಅಲ್ಲಿಂದ ಸರಿಸಲು ನನ್ನ ಹತ್ತಿರ ನಿಜವೊಂದೇ ಉಳಿದಿತ್ತು.

"ಗಾಡಿ ತಾನೇ ತಿರುಗಿಲ್ಲವ್ವಾ. ನಾನೇ ತಿರುಗಿಸಿದೆ. ನಡುವ ನಿನ್ನ ರಂಗೋಲಿ ಇತ್ತು. ತುಳೀಲಿಕ್ಕ ಮನಸ್ಸು ಬರಲಿಲ್ಲ."

ಅಗಲಿಸಿದ ಕೈ ಹಾಗೆಯೇ ಉಳಿಯಿತು. ಆಮೇಲೆ ಒಂದೊಂದಾಗಿ ಕೆಳಗಿಳಿಯಿತು. ಗೋಡೆ ಹಿಡಿದು ನಿಧಾನ ಮೇಲೆ ಹತ್ತಿ ಬಂದು ನನ್ನ ಪಕ್ಕ ನಿಂತಳು. ಒದ್ದೆ ಸೆರಗಿನಿಂದ ನನ್ನ ಮೊಣಕೈಯ ಕಲೆಯನ್ನು ಒರೆಸಿದಳು. ಅದು ಒರೆಸಿದರೆ ಹೋಗುವುದಲ್ಲ.

"ತುಳಿದಿದ್ರ ಏನಾಗ್ತಿತ್ತು, ಹುಚ್ಚಿ? ರಂಗೋಲಿ ಮತ್ತೊಂದು ಹಾಕ್ತಿದ್ದೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಸಂಜಿಗಿ ನಿನ್ನ ತಮ್ಮಗ ನಾನೇ ಹೇಳ್ತೀನಿ. ಗಾಡಿ ಎಲ್ಲೂ ಹೋಗಂಗಿಲ್ಲ. ಈಗ ಇಳಿ. ನನಗ ನೋಡ್ಲಿಕ್ಕ ಆಗಂಗಿಲ್ಲ" ಎಂದು ಗೋಡೆಯ ಕಡೆ ತಿರುಗಿದಳು.

ಬೆಲ್ಟು ಇನ್ನೊಮ್ಮೆ ಎಳೆದು ನೋಡಿದೆ. ಚಾಲೂ ಮಾಡಿ, ಆಮೆಯ ಮೇಲಿಟ್ಟು, ಸೀದಾ ಇಳಿದೆ. ಕೆಳಗೆ ಮುಟ್ಟಿ "ಇಳಿದೆ ಅವ್ವಾ" ಎಂದು ನಾನು ಕೂಗುವವರೆಗೂ ಅವಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.