ಬ್ಯಾಟರಿಗೆ ಅಂಜುತ್ತಿದ್ದ ಕಲ್ಲಪ್ಪ

ಕಲ್ಲಪ್ಪ ಇಚಲಕರಂಜಿಯಲ್ಲಿ ಗಾಡಿಗಳ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದ, ಬ್ಯಾಟರಿ ಕಂಡರೆ ಹೆದರುತ್ತಿದ್ದ. ಕೆಲಸಕ್ಕೆ ಕೈಹಚ್ಚುವ ಮೊದಲು ಉಂಗುರ, ಕೈಗಡಿಯಾರ, ಕಡೆಗೆ ಸೊಂಟದ ಬೆಳ್ಳಿ ಉಡದಾರವನ್ನೂ ಬಿಚ್ಚಿ ಡಬ್ಬಿಯಲ್ಲಿಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

"ನಗ್ರಿ ಅಕ್ಕಾರ. ಮನ್ಯಾಗಿನ ಕರೆಂಟ್ ಝಾಡಿಸಿ ಒಗೀತೈತಿ. ಇದು ಹಂಗಲ್ರಿ, ಉಂಗುರಾ ಕಾಸಿ ಬೆರಳಿಗೇ ಹತ್ತಿಸಿಬಿಡತೈತಿ" ಎನ್ನುತ್ತಿದ್ದ.

ಅವನ ಅಪ್ಪ ಗೋಕಾಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು. ಕಲ್ಲಪ್ಪನ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಕೆಲಸ ಮುಗಿಸಿ ಕೊಟ್ಟ ಮೇಲೂ ಫೋನ್ ಮಾಡಿ, ತಂತಿ ಬಿಸಿಯಾಗಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದ.

ನಮ್ಮವ್ವನಿಗೆ ಶ್ವಾಸಕೋಶ ಕೆಟ್ಟು, ಆಕ್ಸಿಜನ್ ಮಷೀನ್ ಇಲ್ಲದೆ ಉಸಿರು ಸಾಲದಾಯಿತು. ಮನೆ ಬಿಟ್ಟು ಕದಲಬೇಡಿ ಎಂದರು ಕೊಲ್ಹಾಪುರದ ಡಾಕ್ಟರು. ಅವ್ವ ಕೇಳಬೇಕಲ್ಲ! ನಾವು ಜೈನರು. ನಮ್ಮ ಮುನಿಗಳು ಊರಿಂದೂರಿಗೆ ನಡೆದೇ ಹೋಗುವವರು. ಅವರ ಆಹಾರದ ವ್ಯವಸ್ಥೆಗೆ ಭಕ್ತರ ಗಾಡಿ ಜೊತೆಗಿರುತ್ತದೆ. ಸಾಯುವುದರೊಳಗೆ ಆ ಸೇವೆಗೆ ಒಮ್ಮೆ ಹೋಗಲೇಬೇಕು ಎಂದು ಹಟ ಹಿಡಿದಳು. ಹಳೆಯ ಟೆಂಪೊದಲ್ಲಿ ಮಂಚ, ಒಲೆ ಕೂಡಿಸಿ ಮನೆಯಂತೆ ಮಾಡಿದೆವು. ಮಂಚದ ಕೆಳಗೆ ಎರಡು ದೊಡ್ಡ ಬ್ಯಾಟರಿ. ಓಡುವಾಗ ಇಂಜಿನ್ನಿನಿಂದ, ನಿಂತಾಗ ಯಾರದಾದರೂ ಮನೆಯ ಪ್ಲಗ್ಗಿನಿಂದ ಚಾರ್ಜ್ ಆಗುವಂತೆ ಕಲ್ಲಪ್ಪ ಜೋಡಿಸಿದ. ದಿನಾ ಎಷ್ಟು ಹೊತ್ತು ದಾರಿಯ ಮೇಲಿರುತ್ತೀರಿ ಎಂದು ಕೇಳಿದ. ಬೆಳಗಿನಿಂದ ಸಂಜೆವರೆಗೆ ಎಂದೆ. ಹಾಗಾದರೆ ಚಿಂತೆಯಿಲ್ಲ ಎಂದ. ಅವನ ಬಾಯಲ್ಲಿ ಆ ಮಾತು ಬಂದಿದ್ದು ಅದೊಂದೇ ಸಲ.

ಮುನಿಗಳು ನಡೆಯುತ್ತಾರೆ, ಗಾಡಿ ಮುಂದಿನ ಊರಿಗೆ ಹೋಗಿ, ಇಂಜಿನ್ ಬಂದ್ ಮಾಡಿ, ಅವರಿಗಾಗಿ ಕಾಯುತ್ತದೆ. ದಿನವೆಲ್ಲ ದಾರಿಯಲ್ಲಿದ್ದರೂ ಚಕ್ರ ಉರುಳುವುದು ಸ್ವಲ್ಪವೇ. ಗಡಹಿಂಗ್ಲಜದವರೆಗೆ ಬಸದಿಗಳ ಪ್ಲಗ್ಗು ನಮ್ಮನ್ನು ಕಾಪಾಡಿತ್ತು. ಅಲ್ಲಿಂದ ಮುಂದಿನ ಮಹಾಗಾಂವದಲ್ಲಿ ಗಾಳಿಗೆ ಕಂಬ ಬಿದ್ದು ಕರೆಂಟೇ ಇರಲಿಲ್ಲ. ಮಧ್ಯಾಹ್ನ ಮಷೀನು ಕುಂಯ್ ಎಂದು ಕೂಗಿ ನಿಂತುಬಿಟ್ಟಿತು. ಆಪತ್ತಿಗೆಂದು ಇಟ್ಟಿದ್ದ ಸಣ್ಣ ಆಕ್ಸಿಜನ್ ಸಿಲಿಂಡರ್ ಹಚ್ಚಿದೆ. ಅದರ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಅದು ಮುಗಿದರೆ ಅವ್ವ ಇಲ್ಲ.

ಕಲ್ಲಪ್ಪನಿಗೆ ಫೋನ್ ಹಚ್ಚಿದೆ. ಇವತ್ತು ಗಾಡಿ ಎಷ್ಟು ಓಡಿದೆ ಎಂದು ಕೇಳಿದ. ಮುನಿಗಳು ನಡೆದಷ್ಟೇ ಎಂದೆ. ಹಾಗಾದರೆ ಬ್ಯಾಟರಿ ತುಂಬಿಯೇ ಇಲ್ಲ ಎಂದ. ಆಮೇಲೆ ಅವಸರದಲ್ಲಿ ಹೇಳಿದ: "ನಿಂತಲ್ಲೇ ಇಂಜಿನ್ ಚಾಲೂ ಇಟ್ಟು ಕುಂಡರಬ್ಯಾಡ್ರಿ, ಹೊಗಿ ಒಳಗ ಬರ್ತೈತಿ. ಗಡಹಿಂಗ್ಲಜದ ದವಾಖಾನಿಗೆ ಹೊಡೀರಿ. ದಾರ್ಯಾಗ ಇಂಜಿನ್ ಎಲ್ಲೂ ಬಂದ್ ಮಾಡಬ್ಯಾಡ್ರಿ."

ಅವ್ವ ಬೇಡವೆಂದು ಕೈ ಆಡಿಸಿದಳು. ಮುನಿಗಳು ಇನ್ನೂ ದಾರಿಯಲ್ಲಿದ್ದರು. ಅವರನ್ನು ಬಿಟ್ಟು ಹಿಂತಿರುಗುವುದಿಲ್ಲ, ಹೋದರೆ ಜೀವ ಹೋಗಲಿ ಎಂದಳು. ಕೈ ಮುಗಿದೆ, ಬೈದೆ, ಅತ್ತೆ. ಜಗ್ಗಲಿಲ್ಲ. ಫೋನ್ ಅವ್ವನ ಕಿವಿಗೆ ಕೊಡಿ ಎಂದ ಕಲ್ಲಪ್ಪ.

"ಅವ್ವಾರ, ನಾ ಭಾಳ ಅಂಜಾಕತ್ತೇನ್ರಿ. ನಿಮ್ಮ ಸಲುವಾಗಿ ಬ್ಯಾಡ, ನನ್ನ ಸಲುವಾಗಿ ಹೋಗ್ರಿ."

ಅವ್ವ ಫೋನ್ ನನ್ನ ಕೈಗೆ ಕೊಟ್ಟಳು. ನಡಿ ಎಂದು ಸನ್ನೆ ಮಾಡಿದಳು. ಗಾಡಿಯನ್ನು ಹೇಗೆ ಓಡಿಸಿದೆನೋ ದೇವರೇ ಬಲ್ಲ. ಅರ್ಧ ದಾರಿಯಲ್ಲಿ ಹಿಂದುಗಡೆ ಮಷೀನು ಮತ್ತೆ ಗುರುಗುಟ್ಟಿತು. ಹೆದರಿಕೆ ಮಾತ್ರ ದವಾಖಾನೆ ಸೇರಿದ ಮೇಲೂ ಬಿಡಲಿಲ್ಲ.

ಕಲ್ಲಪ್ಪ ಬೈಕ್ ಮೇಲೆ ಅಲ್ಲಿಗೇ ಬಂದ. ಬಂದವನೇ ಸ್ಪ್ಯಾನರ್ ಹಿಡಿದು ಬ್ಯಾಟರಿಯ ತಂತಿಗಳನ್ನೆಲ್ಲ ಮತ್ತೆ ಮತ್ತೆ ಬಿಗಿದ. ದಿನಾ ಗಾಡಿ ಎಷ್ಟು ಹೊತ್ತು ಓಡುತ್ತದೆ ಎಂದು ತಾನು ಕೇಳಬೇಕಿತ್ತು ಎಂದು ಹಲುಬಿದ. ಸುಮ್ಮನೆ ಕೂತು ಚಹಾ ಕುಡಿ ಎಂದು ಅವ್ವ ಗದರಿದಳು. ಊರಿಗೆ ಬಂದ ಮೇಲೆ ಆ ಬ್ಯಾಟರಿಗಳನ್ನು ಅವನೇ ಅವ್ವನ ಹಾಸಿಗೆಯ ಪಕ್ಕಕ್ಕೆ ತಂದು ಜೋಡಿಸಿದ. ಕರೆಂಟ್ ಹೋದಾಗಲೆಲ್ಲ ಅವನ ಫೋನ್ ಬರುತ್ತಿತ್ತು.

ಈಗ ಅವನ ಅಂಗಡಿಯಿದ್ದಲ್ಲಿ ಬೇರೆ ಯಾರೋ ಇದ್ದಾರೆ. ಎಲ್ಲಿಗೆ ಹೋದನೆಂದು ಅವರಿಗೂ ಗೊತ್ತಿಲ್ಲ. ಕಡೆಯ ಸಲ ನೋಡಿದ್ದು ಅವ್ವ ತೀರಿಕೊಂಡ ದಿನ. ಜನರ ನಡುವೆ ನನ್ನನ್ನು ಹುಡುಕಿ ಬದಿಗೆ ಕರೆದ.

"ಅಕ್ಕಾರ, ಮಷೀನ್ ಚಾಲೂ ಇತ್ತಲ್ರಿ?"

"ಚಾಲೂ ಇತ್ತು ಕಲ್ಲಪ್ಪ. ಅವ್ವ ಹೋದ ಮ್ಯಾಲೆ ನಾನೇ ಬಂದ್ ಮಾಡೇನಿ."